ರಾಸ್ಪ್‌ಬೆರಿ ಗವಿಯಲ್ಲಿ ನಮ್ಮ ಪುಂಡಿ ಹೂವು

ಹಲ್ಲೊನ್‌ಗ್ರೊಟ್ಟಾ ಎಂಬ ಹೆಸರು ನಮ್ಮ ಮನೆಯಲ್ಲಿ ಮೊದಲ ಸಲ ಕೇಳಿಬಂದಾಗ ನಮ್ಮ ಅತ್ತೆಯವರು ಅದನ್ನು ಹಲ್ಲುನೋವಿನ ಔಷಧವೆಂದೇ ತಿಳಿದು, "ನನಗೂ ಒಂದು ಶೀಶಿ ತರಲಿಕ್ಕೆ ಹೇಳವ್ವಾ" ಎಂದಿದ್ದರು. ಸ್ವೀಡನ್ನಿನ ಉಪ್ಸಾಲಾದಲ್ಲಿ ಓದುತ್ತಿರುವ ನನ್ನ ತಂಗಿಯ ಮಗ ಫೋನಿನಲ್ಲಿ ನಕ್ಕೂ ನಕ್ಕೂ ಸುಸ್ತಾಗಿ, ಅದು ಅಲ್ಲಿನ ಒಂದು ಬಿಸ್ಕೀಟೆಂದೂ, 'ಹಲ್ಲೊನ್' ಎಂದರೆ ರಾಸ್ಪ್‌ಬೆರಿ, 'ಗ್ರೊಟ್ಟಾ' ಎಂದರೆ ಗವಿ ಎಂದೂ ಬಿಡಿಸಿ ಹೇಳಿದ. ಗವಿ ಎಂದೊಡನೆ ಕಲಬುರಗಿಯವರಾದ ನಮಗೆ ನೆನಪಾಗುವುದು ಬೀದರಿನ ಝರಣಿ ನರಸಿಂಹನ ಗವಿ. ಎದೆಮಟ್ಟದ ನೀರಿನಲ್ಲಿ ನಡೆದು ದೇವರ ಹತ್ತಿರ ಹೋಗಬೇಕಾದ ಆ ಕತ್ತಲೆಯ ಸುರಂಗಕ್ಕೂ ಈ ಬಿಸ್ಕೀಟಿಗೂ ಏನೂ ಸಂಬಂಧವಿಲ್ಲವಾದರೂ ಅತ್ತೆಯವರು ಅಂದಿನಿಂದ ಇದನ್ನು 'ಗವಿ ಬಿಸ್ಕೀಟು' ಎಂದೇ ಕರೆಯುತ್ತಾರೆ, ನಾವೂ ಹಾಗೆಯೇ ಕರೆಯುತ್ತೇವೆ.

ನೋಡಲು ಅದು ಬಹಳ ಸರಳವಾದ ತಿನಿಸು. ಬೆಣ್ಣೆ, ಸಕ್ಕರೆ ಮತ್ತು ಮೈದಾ ಕಲಸಿ, ಸಣ್ಣ ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ, ನಡುವೆ ಬೆರಳಿನಿಂದ ಒಂದು ಕುಳಿ ಒತ್ತಿ, ಆ ಕುಳಿಯಲ್ಲಿ ರಾಸ್ಪ್‌ಬೆರಿ ಜ್ಯಾಮ್ ತುಂಬಿ ಬೇಯಿಸುತ್ತಾರೆ. ಅಮೆರಿಕದಲ್ಲಿ ಹೆಬ್ಬೆರಳ ಗುರುತಿನ ಬಿಸ್ಕೀಟು ಎಂದು ಕರೆಯುವ ಒಂದು ಬಗೆ ಇದರ ಹತ್ತಿರದ ನೆಂಟನಂತಿದೆ, ಆದರೆ ಅದರ ಹಿಟ್ಟಿಗೆ ಅನೇಕರು ಮೊಟ್ಟೆ ಸೇರಿಸುತ್ತಾರೆ. ಸ್ವೀಡನ್ನಿನ ಸಾಂಪ್ರದಾಯಿಕ ಹಲ್ಲೊನ್‌ಗ್ರೊಟ್ಟಾದಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುವುದಿಲ್ಲ. ಈ ಒಂದು ಕಾರಣಕ್ಕಾಗಿಯೇ ಅದು ನಮ್ಮ ಅಡುಗೆಮನೆಯ ಹೊಸ್ತಿಲು ದಾಟಿತೆಂದು ಹೇಳಬೇಕು, ಏಕೆಂದರೆ ಕೇಕು ಎಂದರೆ ಕೈ ಹಿಂದಕ್ಕೆ ಎಳೆದುಕೊಳ್ಳುವ ಅತ್ತೆಯವರು "ತತ್ತಿ ಇಲ್ಲೇನು? ಖರೇ ಇಲ್ಲೇನು?" ಎಂದು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡ ಮೇಲೆಯೇ ಮೊದಲ ತುಂಡನ್ನು ಬಾಯಿಗೆ ಇಟ್ಟುಕೊಂಡದ್ದು.

ಆ ಮೊದಲ ತುಂಡನ್ನು ಮಾಡಿದವನು ನಾನಲ್ಲ, ಆ ಹುಡುಗನೇ. ಹಿಂದಿನ ವರ್ಷ ಡಿಸೆಂಬರಿನ ರಜೆಗೆ ಬಂದಾಗ ಅವನು ತನ್ನ ಪೆಟ್ಟಿಗೆಯಲ್ಲಿ ಒಂದು ಬಾಟಲಿ ರಾಸ್ಪ್‌ಬೆರಿ ಜ್ಯಾಮ್ ತಂದಿದ್ದ. ಸಂಜೆ ಚಹಾದ ಹೊತ್ತಿಗೆ, "ದೊಡ್ಡವ್ವಾ, ಇವತ್ತು ಫೀಕಾ ಮಾಡೋಣ" ಎಂದು ನನ್ನ ಸಣ್ಣ ಓ.ಟಿ.ಜಿ.ಯನ್ನು, ಅಂದರೆ ಕರೆಂಟಿನ ಒಲೆಯನ್ನು, ಮುಂದಿಟ್ಟುಕೊಂಡು ಕುಳಿತ. ಫೀಕಾ ಎಂದರೆ ಕೆಲಸವನ್ನು ಬದಿಗಿಟ್ಟು, ಕಾಫಿಯ ಜೊತೆಗೆ ಏನಾದರೂ ಸಿಹಿ ತಿನ್ನುತ್ತ ಜನರೊಡನೆ ಕೂಡುವ ಹೊತ್ತು. ಕಾಫಿಗೆ ಹಳೆಯ ಸ್ವೀಡಿಷ್ ಆಡುಮಾತಿನಲ್ಲಿ 'ಕಾಫಿ' ಎಂದೇ ಒಂದು ರೂಪವಿತ್ತು, ಅದರ ಎರಡು ಅಕ್ಷರಗಳನ್ನು ತಿರುಗಿಸಿದಾಗ 'ಫೀಕಾ' ಹುಟ್ಟಿತು. 1756ರಲ್ಲಿ ಅಲ್ಲಿ ಕಾಫಿಯನ್ನೇ ನಿಷೇಧಿಸಿದ್ದರು, ಮುಂದೆ ಹತ್ತೊಂಬತ್ತನೆಯ ಶತಮಾನದ ಆರಂಭದವರೆಗೂ ಆ ನಿಷೇಧ ಹಲವು ಸಲ ಬಂದು ಹೋಯಿತು ಎಂಬುದನ್ನು ಕೇಳಿದಾಗ, ಈಗ ಜಗತ್ತಿನಲ್ಲಿಯೇ ಅತಿ ಹೆಚ್ಚು ಕಾಫಿ ಕುಡಿಯುವ ದೇಶಗಳಲ್ಲಿ ಒಂದಾದ ಆ ನಾಡಿನ ಜನರ ಹಟ ನನಗೆ ಹಿಡಿಸಿತು. ನಮ್ಮ ಫೀಕಾದಲ್ಲಿ ಮಾತ್ರ ಕಾಫಿ ಇರಲಿಲ್ಲ. ಕಲಬುರಗಿಯಲ್ಲಿ ಚಹಾ ಬಿಟ್ಟು ಬೇರೆ ಕೊಟ್ಟರೆ ಬಂದವರು ಮನೆಯಲ್ಲಿ ಹಾಲು ಒಡೆದಿದೆಯೇ ಎಂದು ಕೇಳುತ್ತಾರೆ.

ಅಲ್ಲಿ ಹಿಂದಿನ ಕಾಲದಲ್ಲಿ ಹೆಂಗಸರು ಒಬ್ಬರ ಮನೆಯಲ್ಲಿ ಕಾಫಿಗೆ ಕೂಡಿದಾಗ ಏಳು ಬಗೆಯ ಬಿಸ್ಕೀಟುಗಳನ್ನು ಇಡಬೇಕೆಂಬ ಪದ್ಧತಿ ಇತ್ತಂತೆ. ಏಳಕ್ಕಿಂತ ಕಡಿಮೆಯಾದರೆ ಮನೆಯೊಡತಿ ಜಿಪುಣಿ, ಹೆಚ್ಚಾದರೆ ಡೌಲಿನವಳು. ಹಲ್ಲೊನ್‌ಗ್ರೊಟ್ಟಾ ಆ ತಟ್ಟೆಯಲ್ಲಿ ತಪ್ಪದೆ ಕಾಣಿಸುತ್ತಿದ್ದ ಬಗೆಗಳಲ್ಲಿ ಒಂದು. ಕುಬಸದ ದಿನ ಐದು ಬಗೆಯ ಬುತ್ತಿ ಕಟ್ಟಿ, ಬೀಗರು ಏನಂದಾರೋ ಎಂದು ಆರನೆಯದರ ಬಗ್ಗೆ ರಾತ್ರಿಯೆಲ್ಲ ಚಿಂತಿಸಿದ ನನಗೆ ಈ ಲೆಕ್ಕಾಚಾರವನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ತಿಂದಾಗ ನನಗೆ ಮೊದಲು ಅನಿಸಿದ್ದು, ಇದು ನಾನ್‌ಖಟಾಯಿಯ ಅಣ್ಣನೋ ತಮ್ಮನೋ ಇರಬೇಕು ಎಂದು. ಅದೇ ಪುಡಿಪುಡಿಯಾಗುವ ಗುಣ, ಹಲ್ಲು ತಾಗುವ ಮೊದಲೇ ನಾಲಿಗೆಯ ಮೇಲೆ ಕರಗುವ ಅದೇ ಬಗೆ. ಎರಡನೆಯ ಕಚ್ಚಿಗೆ ಜ್ಯಾಮ್ ಸಿಕ್ಕಾಗ ನೆಂಟಸ್ತನ ಅಲ್ಲಿಗೆ ಮುಗಿಯಿತು. ಆ ಜ್ಯಾಮ್ ಸಿಹಿಯಾಗಿರಲಿಲ್ಲ ಎಂದಲ್ಲ, ಆದರೆ ಸಿಹಿಯ ಬೆನ್ನಿಗೇ ಒಂದು ಚುರುಕಾದ ಹುಳಿ ಬಂದು ಬೆಣ್ಣೆಯ ಜಿಡ್ಡನ್ನೆಲ್ಲ ಬಾಯಿಂದ ಗುಡಿಸಿ ಹಾಕಿ, ಇನ್ನೊಂದು ತುಂಡಿಗೆ ಜಾಗ ಮಾಡಿಕೊಡುತ್ತಿತ್ತು. ನಾನ್‌ಖಟಾಯಿಯನ್ನು ಮೂರರ ಮೇಲೆ ತಿನ್ನಲಾರದ ನಾನು ಅಂದು ಐದು ತಿಂದೆ. ಈ ಬಿಸ್ಕೀಟಿನ ಗುಟ್ಟು ಹಿಟ್ಟಿನಲ್ಲಿಲ್ಲ, ಆ ಕುಳಿಯೊಳಗಿನ ಹುಳಿಯಲ್ಲಿದೆ ಎಂದು ಆ ಸಂಜೆಯೇ ತಿಳಿದಿದ್ದರೂ ಅದನ್ನು ನಂಬಲು ನನಗೆ ಒಂದು ವರ್ಷ ಹಿಡಿಯಿತು.

ಅವನು ತಂದ ಬಾಟಲಿ ಎರಡು ಸಲಕ್ಕೆ ಮುಗಿಯಿತು. ಅವನು ಹೋದ ಮೇಲೆ, ಹಬ್ಬದ ಮುಂಚೆ ನಮ್ಮ ಓಣಿಯವರೆಲ್ಲ ಮಾಡುವಂತೆ, ನಾನು ಮನೆಯಲ್ಲಿಯೇ ಹಿಟ್ಟು ಕಲಸಿ, ಉಂಡೆ ಮಾಡಿ, ಕುಳಿಯೊತ್ತಿ, ಅಂಗಡಿಯಿಂದ ತಂದ ಮಿಕ್ಸೆಡ್ ಫ್ರೂಟ್ ಜ್ಯಾಮನ್ನು ಧಾರಾಳವಾಗಿ ತುಂಬಿ, ನಾಲ್ಕು ತಗಡಿನ ಟ್ರೇಗಳಲ್ಲಿ ಜೋಡಿಸಿ ಬೇಕರಿಯ ಭಟ್ಟಿಗೆ ಕಳಿಸಿದೆ. ಪಾವು ತೆಗೆದ ಕೂಡಲೇ ಭಟ್ಟಿಯಲ್ಲಿ ಇರುವ ಕಾವು ಎಷ್ಟೆಂಬುದನ್ನು ಯಾರೂ ಅಳೆಯುವುದಿಲ್ಲ, ಬೇಕರಿಯವರ ಮೊಣಕೈಗೆ ಅದು ಗೊತ್ತಿರುತ್ತದೆ. ಹಿಟ್ಟೇನೋ ಚೆನ್ನಾಗಿಯೇ ಬೆಂದಿತ್ತು, ಆದರೆ ಜ್ಯಾಮ್ ಕುದಿದು, ಉಕ್ಕಿ, ಕುಳಿಯಿಂದ ಇಳಿದು, ತಗಡಿಗೆ ಅಂಟಿ ಕರಿಯ ಗಾಜಿನಂತಾಗಿತ್ತು. "ಟೀಚರಮ್ಮಾ, ಖಟಾಯಿ ಮ್ಯಾಲ ಸಕ್ರಿ ಇಟ್ಟರ ಅದು ಉರೀಲಾರದ ಬಿಡ್ತದೇನು?" ಎಂದು ಭಟ್ಟಿಯವರು ಕೇಳಿದ್ದು ಸರಿಯಾಗಿಯೇ ಇತ್ತು. ತಪ್ಪು ಅವರದಲ್ಲ, ನನ್ನದೇ. ಹೆಚ್ಚು ಸಕ್ಕರೆಯ ತೆಳು ಜ್ಯಾಮನ್ನು ಕುಳಿಯ ಅಂಚಿನವರೆಗೆ ತುಂಬಿದರೆ ಅದು ಎಲ್ಲಿಗೆ ಹೋಗಬೇಕು? ಸುಡದೆ ಉಳಿದ ಕೆಲವನ್ನು ತಿಂದು ನೋಡಿದರೆ ಸಿಹಿಯ ಮೇಲೆ ಸಿಹಿ. ಮಕ್ಕಳು ಜಿಮ್ ಜ್ಯಾಮ್ ಬಿಸ್ಕೀಟಿನಂತಿದೆ ಎಂದು ಖುಷಿಪಟ್ಟರು. ನನಗೆ ಬೇಕಾಗಿದ್ದದ್ದು ಅದಾಗಿರಲಿಲ್ಲ.

ಹಿಟ್ಟಿನ ಅಳತೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಅದರಲ್ಲಿ ಹೆಚ್ಚು ತಕರಾರಿಲ್ಲ. ಸ್ವೀಡನ್ನಿನ ಮನೆಗಳಲ್ಲಿ ಹಿಟ್ಟು, ಸಕ್ಕರೆಗಳನ್ನು ಡೆಸಿಲೀಟರಿನ ಲೆಕ್ಕದಲ್ಲಿ, ಅಂದರೆ 100 ಮಿಲಿಲೀಟರಿನ ಅಳತೆಯಲ್ಲಿ ತೆಗೆದುಕೊಳ್ಳುತ್ತಾರೆ. ಹುಡುಗ ಬರೆದುಕೊಟ್ಟ ಚೀಟಿಯನ್ನು ನಾನು ತಕ್ಕಡಿಗೆ ಇಳಿಸಿಕೊಂಡಿದ್ದೇನೆ: 200 ಗ್ರಾಂ ಬೆಣ್ಣೆ, 90 ಗ್ರಾಂ ಸಕ್ಕರೆ, 270 ಗ್ರಾಂ ಮೈದಾ, ಒಂದು ಚಹಾ ಚಮಚ ಬೇಕಿಂಗ್ ಪೌಡರ್ ಮತ್ತು ವೆನಿಲ್ಲಾ. ಅಲ್ಲಿ ವೆನಿಲ್ಲಾ ಬೆರೆಸಿದ ಸಕ್ಕರೆಯ ಪುಡಿಯನ್ನೇ ಹಾಕುತ್ತಾರೆ, ನಾನು ಎಸೆನ್ಸಿನ ಕೆಲವು ಹನಿಗಳಲ್ಲಿ ಮುಗಿಸುತ್ತೇನೆ. 20 ಗ್ರಾಂ ತೂಕದ ಉಂಡೆ ಮಾಡಿದರೆ ಇಷ್ಟರಲ್ಲಿ 28 ಬಿಸ್ಕೀಟುಗಳಾಗುತ್ತವೆ. ಕೆಲವರು ಮೈದಾದ ಒಂದು ಪಾಲನ್ನು ತೆಗೆದು ಅಷ್ಟೇ ಆಲೂಗಡ್ಡೆಯ ಪಿಷ್ಟವನ್ನು ಸೇರಿಸುತ್ತಾರೆ. ಹಿಟ್ಟನ್ನು ಜಿಗುಟಾಗಿ ಹಿಡಿದಿಡುವ ಗ್ಲೂಟೆನ್ ಪಿಷ್ಟದಲ್ಲಿ ಇಲ್ಲದಿರುವುದರಿಂದ ಬಿಸ್ಕೀಟು ಇನ್ನಷ್ಟು ಪುಡಿಯಾಗುತ್ತದೆ. ಗ್ಲೂಟೆನ್ ಇಲ್ಲದ್ದೇ ಬೇಕಾದರೆ ನಮ್ಮ ಜೋಳದ ಹಿಟ್ಟೇಕೆ ಆಗಬಾರದು ಎಂಬ ಅಭಿಮಾನದಿಂದ ಒಮ್ಮೆ ನಾಲ್ಕನೆಯ ಒಂದು ಪಾಲು ಮಾಲದಂಡಿ ಜೋಳದ ಹಿಟ್ಟು ಸೇರಿಸಿ ನೋಡಿದೆ. ಘಮ ಬಹಳ ಚೆನ್ನಾಗಿ ಬಂತು, ಆದರೆ ಬಾಯಲ್ಲಿ ಸಣ್ಣ ಮರಳು ಸಿಕ್ಕಂತಾಯಿತು. ಜೋಳ ರೊಟ್ಟಿಗೇ ಇರಲಿ. ಕಾರ್ನ್‌ಫ್ಲೋರ್ ಹಾಕಿದರೆ ಆಲೂಗಡ್ಡೆಯ ಪಿಷ್ಟದ ಕೆಲಸ ಆಗುತ್ತದೆ.

ತಕರಾರು ಇರುವುದು ಬೆಣ್ಣೆಯಲ್ಲಿ. ಆ ಚೀಟಿಯಲ್ಲಿ 'ಕೋಣೆಯಷ್ಟು ಬೆಚ್ಚಗಿನ ಬೆಣ್ಣೆ' ಎಂದು ಬರೆದಿತ್ತು. ಉಪ್ಸಾಲಾದ ಕೋಣೆ 20 ಡಿಗ್ರಿ ಇರುತ್ತದೆ, ಕಲಬುರಗಿಯ ಕೋಣೆ ಮೇ ತಿಂಗಳಿನಲ್ಲಿ, ಫ್ಯಾನ್ ತಿರುಗುತ್ತಿರುವಾಗಲೂ, 38 ಡಿಗ್ರಿ ಇರುತ್ತದೆ. ಬೆಣ್ಣೆ 35 ಡಿಗ್ರಿಯ ಹೊತ್ತಿಗೆ ಪೂರ್ತಿ ಕರಗಿಬಿಡುವ ಪದಾರ್ಥ. ಹೀಗಾಗಿ ಚೀಟಿಯ ಮಾತನ್ನು ಅಕ್ಷರಶಃ ಪಾಲಿಸಿದ ದಿನ ನನ್ನ ಪಾತ್ರೆಯಲ್ಲಿ ಇದ್ದದ್ದು ಹಿಟ್ಟಿನ ಮುದ್ದೆಯಲ್ಲ, ಎಣ್ಣೆಯಲ್ಲಿ ತೇಲುವ ಮೈದಾ. ಹಟ ಬಿಡದೆ ಅದನ್ನೇ ಉಂಡೆ ಮಾಡಿ ಬೇಯಿಸಿದ್ದಕ್ಕೆ ಅವೆಲ್ಲ ಕರಗಿ, ಹರಡಿ, ಒಂದಕ್ಕೊಂದು ಕೈಹಿಡಿದುಕೊಂಡು ಟ್ರೇಯ ಉದ್ದಗಲಕ್ಕೂ ಒಂದೇ ಬಿಸ್ಕೀಟಾದವು, ಗವಿಗಳೆಲ್ಲ ಬಯಲಾದವು. ಈಗ ನಾನು ಮಾಡುವುದು ಇಷ್ಟು: ಬೆಣ್ಣೆಯನ್ನು ಫ್ರಿಜ್ಜಿನಿಂದ ತೆಗೆದ ಹತ್ತು ನಿಮಿಷಕ್ಕೆ, ಬೆರಳು ಒತ್ತಿದರೆ ಗುರುತು ಮೂಡುವಷ್ಟು ಮೆತ್ತಗಾದಾಗಲೇ ಕಲಸಿ, ಕುಳಿಯೊತ್ತಿದ ಉಂಡೆಗಳನ್ನು ಟ್ರೇಯ ಸಮೇತ ಅರ್ಧ ಗಂಟೆ ಮತ್ತೆ ಫ್ರಿಜ್ಜಿನಲ್ಲಿಟ್ಟು, ಅಲ್ಲಿಂದ ನೇರವಾಗಿ ಕಾದ ಓ.ಟಿ.ಜಿ.ಗೆ ಇಡುತ್ತೇನೆ. ಡಿಸೆಂಬರಿನಲ್ಲಿ ಈ ಕಸರತ್ತು ಬೇಕಾಗುವುದಿಲ್ಲ. ಹಿಟ್ಟನ್ನು ಚಪಾತಿಯ ಕಣಕದಂತೆ ನಾದುವ ಚಾಳಿಯನ್ನು ಮಾತ್ರ ಯಾವ ತಿಂಗಳಿನಲ್ಲಿಯೂ ಬಿಡಲೇಬೇಕು, ನಾದಿದಷ್ಟೂ ಬಿಸ್ಕೀಟು ಗಡುಸಾಗುತ್ತದೆ.

ಮನೆಯ ಬೆಣ್ಣೆ ಹಾಕಬಹುದೇ ಎಂದು ಕೇಳುವವರಿಗೆ: ಹಾಕಬಹುದು, ಆದರೆ ಮಜ್ಜಿಗೆಯ ಅಂಶ ಹೋಗುವವರೆಗೆ ತಣ್ಣೀರಿನಲ್ಲಿ ತೊಳೆದು ಹಿಂಡಬೇಕು, ಇಲ್ಲದಿದ್ದರೆ ಹಿಟ್ಟು ಜಿಗುಟಾಗುತ್ತದೆ. ತುಪ್ಪ ಹಾಕಿದರೆ ಅದು ನಾನ್‌ಖಟಾಯಿಯೇ ಆಗುತ್ತದೆ. ಬೆಣ್ಣೆಯಲ್ಲಿ ನೂರಕ್ಕೆ ಹದಿನಾರು ಪಾಲಿನಷ್ಟು ನೀರಿರುತ್ತದೆ, ತುಪ್ಪದಲ್ಲಿ ಇರುವುದಿಲ್ಲ. ಆ ನೀರು ಹಿಟ್ಟನ್ನು ಸ್ವಲ್ಪ ಹಿಡಿದಿಡುವುದರಿಂದಲೇ ಕುಳಿಯ ಗೋಡೆ ಬಿರುಕು ಬಿಡದೆ ನಿಲ್ಲುತ್ತದೆ. ಅಲ್ಲಿನವರು ಒಂದೊಂದು ಬಿಸ್ಕೀಟನ್ನೂ ಚಿಕ್ಕ ಕಾಗದದ ಬಟ್ಟಲಿನಲ್ಲಿಟ್ಟು ಬೇಯಿಸುವುದೂ ಗೋಡೆ ನಿಲ್ಲಲೆಂದೇ. ಸೂಪರ್ ಮಾರ್ಕೆಟ್ ಕಡೆಯ ಬೇಕರಿ ಸಾಮಾನಿನ ಅಂಗಡಿಯಲ್ಲಿ ಕಪ್‌ಕೇಕಿನ ಸಣ್ಣ ಕಾಗದದ ಬಟ್ಟಲು ಸಿಗುತ್ತವೆ, ಅವು ಸಾಕು.

ಇನ್ನು ಹುಳಿಯ ಮಾತಿಗೆ ಬರುತ್ತೇನೆ. ರಾಸ್ಪ್‌ಬೆರಿ ನಮ್ಮಲ್ಲಿ ಬೆಳೆಯುವ ಹಣ್ಣಲ್ಲ. ಅಲ್ಲಿ ಅದು ಕಾಡಿನ ಅಂಚಿನಲ್ಲಿ ತಾನಾಗಿಯೇ ಬೆಳೆಯುತ್ತದೆ, ಮತ್ತು ಅಲ್ಲಿನ ಒಂದು ಹಳೆಯ ಹಕ್ಕಿನ ಪ್ರಕಾರ ಯಾರ ಕಾಡಿನಲ್ಲಿಯಾದರೂ ನಡೆದುಹೋಗುವವರು ಕಾಡುಹಣ್ಣು ಕೊಯ್ದುಕೊಳ್ಳಬಹುದು. ಹೊಲದ ಬದುವಿನಲ್ಲಿ ಹೋಗುವವರು ನಾಲ್ಕು ಹಸಿ ತೊಗರಿಕಾಯಿ ಕಿತ್ತುಕೊಂಡರೆ ನಮ್ಮಲ್ಲಿಯೂ ಯಾರೂ ಏನೂ ಅನ್ನುವುದಿಲ್ಲ, ಆದರೆ ನಮ್ಮಲ್ಲಿ ಅದು ಕಾನೂನಲ್ಲ, ರೂಢಿ. ರಾಸ್ಪ್‌ಬೆರಿಯ ಬದಲಿಗೆ ಅಂಗಡಿಯ ಸ್ಟ್ರಾಬೆರಿ ಜ್ಯಾಮ್ ಹಾಕಿ ನೋಡಿದೆ, ಸೀಬೆಹಣ್ಣನ್ನು ಕುದಿಸಿ ಹಾಕಿ ನೋಡಿದೆ. ಸೀಬೆಯ ಜ್ಯಾಮ್ ಗಟ್ಟಿಯಾಗಿ ನಿಂತಿತು, ಉಕ್ಕಲಿಲ್ಲ, ನಿಂಬೆರಸ ಹಿಂಡಿದ್ದಕ್ಕೆ ತಕ್ಕಮಟ್ಟಿಗೆ ಹುಳಿಯೂ ಆಯಿತು. ಆದರೆ ಬಣ್ಣ ಮಂಕು, ಮತ್ತು ನಿಂಬೆಯ ಹುಳಿ ಮೇಲಿಂದ ಮೇಲೆ ತೇಲುವ ಹುಳಿ. ಹಣ್ಣಿನ ಒಳಗಿಂದ ಬರುವ ಹುಳಿಯಲ್ಲ.

ಕಳೆದ ಎಳ್ಳಮಾಸಿಯ ದಿನ ಹೊಲಕ್ಕೆ ಹೋಗಿದ್ದೆವು. ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆಯ ಊಟ ಮುಗಿಸಿ ತೊಗರಿಯ ಸಾಲಿನ ಬದಿಯಲ್ಲಿ ಕುಳಿತಿದ್ದಾಗ ಅತ್ತೆಯವರು ಬದುವಿನ ಮೇಲಿನ ಪುಂಡಿಗಿಡದಿಂದ ಒಂದು ಕೆಂಪು ಹೂವನ್ನು ಕಿತ್ತು, ಮೇಲಿನ ದಪ್ಪ ಎಸಳನ್ನು ಬಿಡಿಸಿ ಬಾಯಿಗೆ ಹಾಕಿಕೊಂಡರು. ನಾನೂ ಒಂದು ಹಾಕಿಕೊಂಡೆ. ಸಣ್ಣವಳಿದ್ದಾಗಿನಿಂದ ನೂರು ಸಲ ತಿಂದದ್ದೇ ಆದರೂ, ಆ ಹುಳಿ ನಾಲಿಗೆಗೆ ತಾಗಿದ ಕ್ಷಣದಲ್ಲಿ ಹಿಂದಿನ ವರ್ಷದ ಡಿಸೆಂಬರಿನ ಆ ಬಾಟಲಿ ಕಣ್ಣ ಮುಂದೆ ಬಂತು. ಪುಂಡಿಪಲ್ಯವನ್ನು ವರ್ಷವಿಡೀ ಉಣ್ಣುವ ಊರಿನಲ್ಲಿದ್ದುಕೊಂಡು ನಾನು ಹುಳಿಗಾಗಿ ಅಂಗಡಿ ಅಂಗಡಿ ತಿರುಗಿದ್ದೆ!

ನಾವು ಹೂವೆಂದು ಕರೆಯುವ ಈ ಕೆಂಪು ಭಾಗ ನಿಜವಾಗಿ ಹೂವಲ್ಲ. ಹೂವು ಉದುರಿದ ಮೇಲೆ ಬೀಜದ ಕಾಯಿಯನ್ನು ಸುತ್ತುವರಿದು ದಪ್ಪಗೆ ಬೆಳೆಯುವ ಪುಷ್ಪಪಾತ್ರೆ ಅದು. ಎಲ್ಲ ಪುಂಡಿಗೂ ಹೀಗೆ ಆಗುವುದಿಲ್ಲ, ಬರೀ ಸೊಪ್ಪಿಗಾಗಿ ಬೆಳೆಯುವ ಗಿಡಗಳಲ್ಲಿ ಅದು ತೆಳ್ಳಗಿದ್ದು ಒಣಗಿಬಿಡುತ್ತದೆ. ದಪ್ಪ ಕೆಂಪು ಎಸಳಿನ ಜಾತಿಯನ್ನೇ ನೋಡಿ ಕೊಯ್ಯಬೇಕು. ರಾಸ್ಪ್‌ಬೆರಿಯ ಕೆಂಪಿಗೂ ಇದರ ಕೆಂಪಿಗೂ ಕಾರಣ ಆಂಥೋಸಯನಿನ್ ಎಂಬ ಒಂದೇ ಗುಂಪಿನ ಬಣ್ಣಗಳು, ಮತ್ತು ಈ ಬಣ್ಣ ಹುಳಿಯಲ್ಲಿ ಇನ್ನಷ್ಟು ಕೆಂಪಾಗಿ ನಿಲ್ಲುತ್ತದೆ. ಜ್ಯಾಮ್ ಗಟ್ಟಿಯಾಗಲು ಬೇಕಾದ ಮೂರು ಸಂಗತಿಗಳಾದ ಹುಳಿ, ಪೆಕ್ಟಿನ್ ಮತ್ತು ಸಕ್ಕರೆಗಳಲ್ಲಿ ಮೊದಲ ಎರಡು ಪುಂಡಿಯಲ್ಲಿಯೇ ಇವೆ, ಮೂರನೆಯದನ್ನು ಮಾತ್ರ ನಾವು ಕೊಡಬೇಕು.

ಅಂದು ಸೀರೆಯ ಉಡಿಯಲ್ಲಿ ತುಂಬಿಕೊಂಡು ಬಂದ ಪುಂಡಿಯಿಂದ ಅರ್ಧ ಕಿಲೋ ಎಸಳು ಬಿಡಿಸಿದೆ. ಬಿಡಿಸುವ ಕೆಲಸ ಬೇಸರದ್ದು, ಉಗುರೆಲ್ಲ ಕೆಂಪಾಗುತ್ತವೆ, ಕಾಯಿಯ ಮೇಲಿನ ಸಣ್ಣ ರೋಮ ಕೈಗೆ ಚುಚ್ಚುತ್ತದೆ. ಆದರೆ ಆ ಹಸಿರು ಕಾಯಿಗಳನ್ನು ಎಸೆಯಬಾರದು. ಅವನ್ನು ಎರಡು ಲೋಟ ನೀರಿನಲ್ಲಿ ಇಪ್ಪತ್ತು ನಿಮಿಷ ಕುದಿಸಿ ಸೋಸಿದರೆ ನೀರು ಲೋಳೆಯಂತೆ ಆಗುತ್ತದೆ, ಅದರಲ್ಲಿ ಬರುವುದೇ ಪೆಕ್ಟಿನ್. ಆ ನೀರಿನಲ್ಲಿ ಎಸಳುಗಳನ್ನು ಮೆತ್ತಗಾಗುವವರೆಗೆ ಬೇಯಿಸಿ, ಕಟಗೋಲಿನಿಂದ ಎರಡು ಸುತ್ತು ಕಡೆದು, 400 ಗ್ರಾಂ ಸಕ್ಕರೆ ಹಾಕಿ ಜೋರು ಉರಿಯಲ್ಲಿ ಕುದಿಸಿದೆ. ಪಾತ್ರೆ ಸ್ಟೀಲಿನದೇ ಆಗಬೇಕು, ಇಂಥ ಹುಳಿಗೆ ಅಲ್ಯೂಮಿನಿಯಂ ತಡೆಯುವುದಿಲ್ಲ. ಥರ್ಮಾಮೀಟರ್ ಇದ್ದವರಿಗೆ 105 ಡಿಗ್ರಿ; ಇಲ್ಲದವರು ಫ್ರಿಜ್ಜಿನಲ್ಲಿಟ್ಟ ಸ್ಟೀಲ್ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು, ಒಂದು ನಿಮಿಷ ತಡೆದು, ಬೆರಳಿನಿಂದ ತಳ್ಳಿದಾಗ ಮೇಲ್ಮೈ ಸುಕ್ಕುಗಟ್ಟಿದರೆ ಇಳಿಸಬಹುದು. ಬಿಸ್ಕೀಟಿಗಾದರೆ ಇನ್ನೆರಡು ನಿಮಿಷ ಹೆಚ್ಚು ಕುದಿಸಿದರೂ ನಡೆಯುತ್ತದೆ, ಗಟ್ಟಿ ಜ್ಯಾಮ್ ಕುಳಿಯೊಳಗೆ ಅಲ್ಲಾಡದೆ ಕೂಡುತ್ತದೆ.

ತುಂಬುವುದು ಅರ್ಧ ಚಹಾ ಚಮಚಕ್ಕಿಂತ ಹೆಚ್ಚಲ್ಲ. ಕುಳಿ ಆಳವಾಗಿರಬೇಕು, ಆದರೆ ತಳ ತೂತಾಗಬಾರದು. ನಾನು ಹೆಬ್ಬೆರಳು ಬಿಟ್ಟು, ಲಟ್ಟಣಿಗೆಯ ಹಿಡಿಯ ತುದಿಗೆ ಮೈದಾ ಸವರಿ ಒತ್ತುತ್ತೇನೆ. ಬೆಂದ ಮೇಲೆ ಜ್ಯಾಮ್ ತುಂಬಿದರೆ ಸುಡುವ ಭಯವೇ ಇಲ್ಲವಲ್ಲ ಎಂದು ನೆರೆಮನೆಯವರು ಕೇಳಿದರು. ಹಾಗೂ ಮಾಡಿ ನೋಡಿದ್ದೇನೆ, ರುಚಿ ಕೂಡುವುದಿಲ್ಲ. ಮೊದಲೇ ತುಂಬಿ ಬೇಯಿಸಿದಾಗ ಜ್ಯಾಮಿನ ಅಂಚು ಹಿಟ್ಟಿನೊಳಗೆ ಇಳಿದು, ನಡುವೆ ಒಂದು ಜಿಗುಟು ಪದರ ಹುಟ್ಟುತ್ತದೆ. ಇಡೀ ಬಿಸ್ಕೀಟಿನಲ್ಲಿ ನನಗೆ ಪ್ರಿಯವಾದ ಭಾಗ ಅದೇ. ಚೀಟಿಯಲ್ಲಿ 200 ಡಿಗ್ರಿ, ಹತ್ತರಿಂದ ಹನ್ನೆರಡು ನಿಮಿಷ ಎಂದಿದೆ. ನನ್ನ ಓ.ಟಿ.ಜಿ.ಯ ಮೇಲಿನ ಸರಳು ಬಹಳ ಹತ್ತಿರವಿರುವುದರಿಂದ ನಾನು 180ಕ್ಕೆ ಇಳಿಸಿ, ನಡುವಿನ ಅಂತಸ್ತಿನಲ್ಲಿಟ್ಟು ಹದಿನಾಲ್ಕು ನಿಮಿಷ ಕಾಯುತ್ತೇನೆ. ಅಂಚು ತುಸುವೇ ಹೊಂಬಣ್ಣಕ್ಕೆ ತಿರುಗಿದಾಗ ತೆಗೆಯಬೇಕು. ಆಗ ಮುಟ್ಟಿದರೆ ಮುರಿಯುವಷ್ಟು ಮೆತ್ತಗಿರುತ್ತವೆ, ಆರಿದಂತೆ ಗಟ್ಟಿಯಾಗುತ್ತವೆ. ಬಿಸಿಯಿರುವಾಗ ಮಕ್ಕಳನ್ನು ಹತ್ತಿರ ಬಿಡಬೇಡಿ, ಕುದಿದ ಜ್ಯಾಮ್ ನಾಲಿಗೆಗೆ ಅಂಟಿದರೆ ಬಿಡುವುದಿಲ್ಲ.

ಮೊದಲ ತಂಡ ಹೊರಬಂದ ಸಂಜೆ ಅತ್ತೆಯವರು ಒಂದನ್ನು ಮುರಿದು, ಒಳಗಿನ ಕೆಂಪನ್ನು ಕನ್ನಡಕದ ಕೆಳಗಿಂದ ನೋಡಿ, ತಿಂದು, "ಪುಂಡಿಪಲ್ಯಕ್ಕ ಸಕ್ರಿ ಹಾಕಿ ಕೆಡಿಸಿದಿ ಅಂದ್ಕೊಂಡಿದ್ದೆ" ಎಂದಷ್ಟೇ ಹೇಳಿ ಇನ್ನೊಂದಕ್ಕೆ ಕೈ ಚಾಚಿದರು. ಹುಡುಗನಿಗೆ ಫೋಟೊ ಕಳಿಸಿದಾಗ ಅವನು, ಪುಂಡಿ ಹಾಕಿದ ಮೇಲೆ ಅದು ಹಲ್ಲೊನ್‌ಗ್ರೊಟ್ಟಾ ಹೇಗಾಗುತ್ತದೆ ದೊಡ್ಡವ್ವಾ ಎಂದು ತಕರಾರು ತೆಗೆದ. ಅವನ ಮಾತು ಸರಿ. ಹಲ್ಲೊನ್ ಹೋಗಿದೆ, ಗ್ರೊಟ್ಟಾ ಮಾತ್ರ ಉಳಿದಿದೆ. ಆದರೂ ಸ್ಟ್ರಾಬೆರಿ ಜ್ಯಾಮ್ ತುಂಬಿ ಅದೇ ಹೆಸರಿನಿಂದ ಕರೆಯುವುದಕ್ಕಿಂತ ಇದು ಮೂಲದ ರುಚಿಗೆ ಹತ್ತಿರ ಎಂಬುದರಲ್ಲಿ ನನಗೆ ಅನುಮಾನವಿಲ್ಲ, ಮುಂದಿನ ರಜೆಗೆ ಬಂದಾಗ ತಿಂದು ಹೇಳಲಿ.

ಗಾಳಿಯಾಡದ ಡಬ್ಬಿಯಲ್ಲಿ, ಪದರ ಪದರದ ನಡುವೆ ಬೆಣ್ಣೆ ಕಾಗದ ಹಾಕಿಟ್ಟರೆ ಚಳಿಗಾಲದಲ್ಲಿ ವಾರದವರೆಗೆ ಚೆನ್ನಾಗಿರುತ್ತವೆ. ಮಳೆಗಾಲದಲ್ಲಿ ಜ್ಯಾಮಿನ ತೇವಕ್ಕೆ ಮೂರನೆಯ ದಿನಕ್ಕೇ ಮೆತ್ತಗಾಗುತ್ತವೆ. ಪುಂಡಿ ಜ್ಯಾಮಿನ ಬಾಟಲಿಯಲ್ಲಿ ಈಗ ನಾಲ್ಕು ಚಮಚ ಉಳಿದಿದೆ, ಅಂದರೆ ಎಂಟು ಬಿಸ್ಕೀಟು. ಅಷ್ಟನ್ನು ಅವನಿಗೆಂದು ಫ್ರಿಜ್ಜಿನ ಹಿಂಬದಿಯಲ್ಲಿ, ಮಾವಿನಕಾಯಿ ಉಪ್ಪಿನಕಾಯಿಯ ಮರೆಯಲ್ಲಿ ಇಟ್ಟಿದ್ದೇನೆ.